ಗ್ಯಾನಪ್ಪ ಅಪ್ಪನ ಫೋಟೋ ಪ್ರಿಂಟ್ ಹಾಕಿದ್ದು

ಕೇಳ್ರಪ್ಪಾ, ನಗೋದು ನಿಮ್ಮ ಪಾಲಿಗೆ, ಅಳೋದು ಅವರವ್ವನ ಪಾಲಿಗೆ! ಬೆಟಗೇರಿಯ ನೀಲವ್ವನಿಗೆ ಒಬ್ಬನೇ ಮಗ, ಗ್ಯಾನಪ್ಪ. ಗ್ಯಾನ ಹೆಸರಿನಲ್ಲಷ್ಟೇ! ಅವನಿಗೆ ಫೋಟೋ ಪ್ರಿಂಟ್ ಹಾಕುವ ಖಯಾಲಿ. ಯಾರೂ ಕೇಳದಿದ್ದರೂ ಕಂಡಕಂಡವರ ಮುಖ ಪ್ರಿಂಟ್ ಹಾಕುತ್ತಿದ್ದ.

ಒಂದು ದಿನ ನೀಲವ್ವ ಸತ್ತ ಗಂಡನ ಫೋಟೋ ಕೊಟ್ಟಳು. ಇದ್ದದ್ದೇ ಅದೊಂದು.

"ದೊಡ್ಡದು ಮಾಡಿ ಕೊಡೋ, ಗ್ವಾಡಿಗೆ ಹಾಕೂಣು."

ಮಾಡಿದ. ಅಪ್ಪನ ಮುಖ ಹಸಿರಾಗಿ ಬಂತು!

"ಅಯ್ಯ ನಿನ್ನ! ನಿಮ್ಮಪ್ಪ ಏನ ಗಿಳೀನೋ?"

"ಕಂಪ್ಯೂಟರಿನ್ಯಾಗ ಇರೂದು ಪುಕ್ಕಟೇದು, ಬಣ್ಣ ಸರಿ ಬರಾಕ ಬ್ಯಾರೆ ಸಾಫ್ಟ್‌ವೇರ್ ಬೇಕಬೇ. ಭಾಳ ತುಟ್ಟಿ."

"ಕುಣೀಲಾರದಾಕಿ ನೆಲಾ ಡೊಂಕ ಅಂದಳಂತ! ತುಟ್ಟಿ ಸಾಮಾನು ಸುಮ್ನ ತರತಾರೇನು? ಅಂಗಡ್ಯಾಂವಗ 'ತಿಂಗಳ ಪುಕ್ಕಟೆ ಬಳಸಿ ನೋಡ್ತೀನಿ, ಸರಿ ಬರಲಿಲ್ಲಂದ್ರ ವಾಪಸ್' ಅನಬೇಕು!"

"ಆತಬೇ ಯವ್ವಾ!"

ಮರುದಿನ ಸೋದರಮಾವನ ಜೋಡಿ ಹೆಣ್ಣು ನೋಡಲು ಹೋದ. ಹುಡುಗಿ ಉಪ್ಪಿಟ್ಟು ತಂದಳು. ಗ್ಯಾನಪ್ಪ ಗಂಟಲು ಸರಿಮಾಡಿಕೊಂಡು ಹೇಳಿಯೇಬಿಟ್ಟ:

"ತಿಂಗಳ ಪುಕ್ಕಟೆ ಬಳಸಿ ನೋಡ್ತೀನಿ, ಸರಿ ಬರಲಿಲ್ಲಂದ್ರ ವಾಪಸ್!"

ಹುಡುಗಿಯ ಅಪ್ಪ ಚಪ್ಪಲಿ ತಗೊಂಡ. ಗ್ಯಾನಪ್ಪ ಕೆನ್ನೆ ಹಿಡಕೊಂಡು ಮನೆಗೆ ಬಂದ.

"ಅಯ್ಯ ಮಬ್ಬ! ಹೆಣ್ಣಿನ ಮನ್ಯಾಗ ಕೈ ಮುಗದು, 'ಹೆಂಗಿದ್ರೂ ಒಪ್ಪಿಗಿ ಐತ್ರಿ, ಇವತ್ತ ಕಳಿಸಿಕೊಡ್ರಿ' ಅನಬೇಕು!"

"ಆತಬೇ ಯವ್ವಾ!"

ಹೋದ ಸಾಫ್ಟ್‌ವೇರ್ ಅಂಗಡಿಗೆ. ಕೈ ಮುಗಿದ.

"ಹೆಂಗಿದ್ರೂ ಒಪ್ಪಿಗಿ ಐತ್ರಿ, ಇವತ್ತ ಕಳಿಸಿಕೊಡ್ರಿ!"

ಇಂಥ ಗಿರಾಕಿಯನ್ನು ಅಂಗಡಿಯವನು ಜನ್ಮದಲ್ಲಿ ಕಂಡಿರಲಿಲ್ಲ. ನೀಲವ್ವ ಎಮ್ಮೆ ಮಾರಿ ಕೂಡಿಟ್ಟಿದ್ದ ದುಡ್ಡೆಲ್ಲ ಇಸಕೊಂಡು, ದೊಡ್ಡ ದೊಡ್ಡ ಬ್ಯಾನರ್ ಹಾಕುವವರ ಸಾಫ್ಟ್‌ವೇರ್ ಗಂಟುಹಾಕಿದ. ಮನೆಯಲ್ಲಿ ಪ್ರಿಂಟ್ ಕೊಟ್ಟರೆ ಒಂದು ಹಾಳೆ ತುಂಬ ಬರೀ ಮೂಗು! ಇನ್ನೊಂದರಲ್ಲಿ ಅರ್ಧ ಮೀಸೆ! ಕಿವಿ ಬರುವಷ್ಟರಲ್ಲಿ ಶಾಯಿ ಮುಗಿಯಿತು.

ನೀಲವ್ವ ಅಂಗಡಿ ಮುಂದೆ ನಿಂತು ಊರಿಗೆಲ್ಲ ಕೇಳುವ ಹಾಗೆ ಬಾಯಿ ಮಾಡಿ, ಸಾಫ್ಟ್‌ವೇರ್ ಸಿ.ಡಿ. ಅಂಗಡಿಯವನ ಮುಖಕ್ಕೆ ಎಸೆದು, ದುಡ್ಡು ವಾಪಸ್ ತಂದಳು.

"ಯಾರೂ ಕೇಳಲಾರದ ಫೋಟೋ ಹಾಕಾಂವಗ ಇದ್ಯಾಕೋ? ಖಯಾಲಿಗೆ ಎಮ್ಮಿ ರೊಕ್ಕಾ ಸುರೀತಾರೇನು? ಮನ್ಯಾಗ ಇರೋ ಪುಕ್ಕಟೇದರಾಗ ಮಾಡು! ಫೋಟೋ, ಪ್ರಿಂಟು ಬಾಜೂಕ ಬಾಜೂಕ ಇಟಗೊ. ಎರಡೂ ಒಂದ ಥರಾ ಆಗೂತನಕ ಬಣ್ಣ ತಿದ್ದು!"

"ಆತಬೇ ಯವ್ವಾ!"

ಸಂಜೆ ಗ್ಯಾನಪ್ಪ ಕುಣಿಯುತ್ತ ಬಂದ. ಕಿವಿಯ ಮೇಲೆ ಬಣ್ಣದ ಬ್ರಷ್ಷು.

"ಯವ್ವಾ, ಎರಡೂ ಒಂದ ಥರಾ ಆದವು! ಪೈಸಾ ಖರ್ಚಿಲ್ಲ!"

ನೀಲವ್ವ ನೋಡಿದಳು. ಪ್ರಿಂಟಿನಲ್ಲಿ ಗಂಡ ಹಸಿರು. ಹಳೇ ಫೋಟೋದಲ್ಲೂ ಹಸಿರು, ಬಳಿದ ಬಣ್ಣ ಇನ್ನೂ ಆರಿರಲಿಲ್ಲ.

ಪಾಪ, ಅಲ್ಲೇ ಕುಸಿದು ಎದೆ ಬಡಕೊಂಡಳು. "ಅಯ್ಯಯ್ಯೋ! ನಿಮ್ಮಪ್ಪನ ಮಾರಿ ನೋಡಾಕ ಅದೊಂದ ಇತ್ತಲ್ಲೋ!"

"ಒಂದ್ಯಾಕಬೇ? ಈಗ ಎರಡ ಅದಾವಲ್ಲ!"