ಏಡಿ ಎಳೆದ ಗೀರುಗಳು

ಒಂದು ಕಾಡಿನಲ್ಲಿ ಹರಿಯುತ್ತಿದ್ದ ಹಳ್ಳದ ನೀರನ್ನು ಅಳೆಯುತ್ತೇನೆಂದು ಏಡಿ ಹೊರಟಾಗ, "ನಿನ್ನಿಂದ ಆಗೋ ಕೆಲಸವಲ್ಲ" ಎಂದದ್ದು ಆಮೆಯಜ್ಜ.

"ಅಡ್ಡಡ್ಡ ನಡೆಯೋಳು ನೀನು. ನೆಟ್ಟಗೆ ಒಂದು ಗೀರು ಎಳೀತೀಯಾ? ಯಾರಮ್ಮಾ ಕಲಿಸಿದ್ದು ನಿನಗೆ?"

"ಯಾರೂ ಕಲಿಸಿಲ್ಲ ಅಜ್ಜ. ನೋಡ್ತಾ ಇರು," ಎಂದಳು ಏಡಿ.

ದಿನವೂ ಬೆಳಗ್ಗೆ ನೀರು ಬಂಡೆಯನ್ನು ಮುಟ್ಟುವ ಕಡೆ ಅವಳು ಒಂದು ಗೀರು ಎಳೆದಳು. ಗೀರುಗಳು ಕೆಳಕೆಳಗೆ ಇಳಿದವು. ಮಳೆ ಸುರಿದ ಮರುದಿನವೂ ಇಳಿದವು. ಅವಳ ಹೊಟ್ಟೆಯಡಿಯಲ್ಲಿ ಮರಿಗಳಿದ್ದವು. ಹಳ್ಳ ಬತ್ತಿದರೆ ಅವುಗಳಲ್ಲಿ ಒಂದೂ ಉಳಿಯುತ್ತಿರಲಿಲ್ಲ.

ಕಾಡು ಮೌನವಾಯಿತು. ಕಲ್ಲುಗಳ ನಡುವೆ ನೀರಿನ ಸದ್ದಿಲ್ಲ. ನಡುಹಗಲಿನಲ್ಲಿ ಮೇಲಿನ ಬಿದಿರುಮೆಳೆಯಿಂದ ಯಾರೋ ನರಳುವುದು ಕೇಳುತ್ತಿತ್ತು. ನೀರು ಹುಡುಕುತ್ತ ಆ ಕಡೆ ಹೋದ ಜಿಂಕೆ ಮರಳಲಿಲ್ಲ. ಅದನ್ನು ಹುಡುಕಲು ಹೋದ ಇನ್ನೊಂದೂ ಮರಳಲಿಲ್ಲ.

"ಅಲ್ಲಿ ದೆವ್ವ ಸೇರಿಕೊಂಡಿದೆ," ಎಂದು ಕಿರುಬ ಪಿಸುಗುಟ್ಟಿತು. "ಹಳ್ಳವನ್ನೆಲ್ಲ ಅದೇ ಕುಡೀತಿದೆ. ಗುಂಪಾಗಿ ಹೋದರೆ ಕೆರಳುತ್ತೆ. ಒಬ್ಬೊಬ್ಬರೇ ಹೋಗಿ ಬೇಡಿಕೊಳ್ಳಿ."

ಎಲ್ಲರ ಬಾಯಿ ಒಣಗಿತ್ತು. ಕಿರುಬನ ಬಾಯಿ ಮಾತ್ರ ಒದ್ದೆಯಾಗಿತ್ತು.

ತನ್ನ ಗೀರುಗಳೇ ಸಾಕೆಂಬ ಜಂಬ ಏಡಿಗೆ. ಅವಳು ಯಾರನ್ನೂ ಏನೂ ಕೇಳಲಿಲ್ಲ. ಆದರೆ ನೀರು ಎಷ್ಟು ಇಳಿಯಿತೆಂದು ಗೀರು ಹೇಳಿತೇ ಹೊರತು, ಎಲ್ಲಿಗೆ ಹೋಯಿತೆಂದು ಹೇಳಲಿಲ್ಲ. ಮೂರನೆಯ ಜಿಂಕೆಯೂ ಮರಳದ ದಿನ ಅವಳು ಎಲ್ಲರನ್ನೂ ಕರೆದಳು.

"ನಿಮ್ಮ ನಿಮ್ಮ ಜಾಗದಲ್ಲಿ ಒಂದೊಂದು ಕಲ್ಲು ಆರಿಸಿಕೊಳ್ಳಿ. ದಿನಾ ಬೆಳಗ್ಗೆ ನೀರಿನ ಅಂಚಿಗೆ ಗೀರು ಎಳೆಯಿರಿ. ಐದನೆಯ ದಿನ ಬಂದು ಹೇಳಿ."

ಐದನೆಯ ದಿನ ಕಪ್ಪೆ ಬಂದು, "ನನ್ನ ಕಲ್ಲಲ್ಲಿ ಇಳಿದಿದೆ" ಎಂದಿತು. "ನನ್ನದರಲ್ಲೂ" ಎಂದಿತು ಆಮೆ. ಬಿದಿರುಮೆಳೆಗಿಂತ ಮೇಲೆ ವಾಸವಿದ್ದ ಕಾಡುಹಂದಿ ಗುಡ್ಡ ಬಳಸಿ ಬಂದಿತ್ತು.

"ಏಡಕ್ಕ, ನನ್ನ ಗೀರು ನೀರಲ್ಲಿ ಮುಳುಗಿಹೋಯ್ತಲ್ಲ!"

"ಮೊದಲೇ ಯಾಕೋ ಹೇಳಲಿಲ್ಲ?"

"ನೀನೆಲ್ಲಿ ಕೇಳಿದೆ?"

"ಕೇಳಲಿಲ್ಲ, ತಪ್ಪು ನನ್ನದೇ," ಎಂದಳು ಏಡಿ. "ದೆವ್ವ ಕುಡಿದಿದ್ದರೆ ಮೇಲೆ ನೀರು ಏರುತ್ತಿರಲಿಲ್ಲ. ಯಾರೋ ನಡುವೆ ತಡೆದಿದ್ದಾರೆ. ನಡೆಯಿರಿ, ಎಲ್ಲರೂ ಒಟ್ಟಿಗೆ."

ಮರಿಗಳನ್ನು ಬಂಡೆಯ ಬಿರುಕಿನಲ್ಲಿ ಬಿಟ್ಟು ಅವಳು ಹೊರಟಳು. ಮೆಳೆಯೊಳಗೆ ಹಗಲೇ ಮಬ್ಬು. ನರಳಾಟ ಹತ್ತಿರವಾಯಿತು. ತೂತು ಬಿದ್ದ ಬಿದಿರಿನಲ್ಲಿ ಗಾಳಿ ಊದುತ್ತಿತ್ತು, ಅಷ್ಟೇ. ಅದರಾಚೆ ದಿಮ್ಮಿ, ಮಣ್ಣು, ಬಿಳಿಚಿದ ಮೂಳೆಗಳ ಒಂದು ಒಡ್ಡು. ಒಡ್ಡಿನ ಕೆಳಗೆ, ಒಂಟಿಯಾಗಿ ಬರುವವರ ದಾರಿ ಕಾಯುತ್ತ ಕಿರುಬ ನಿಂತಿತ್ತು.

"ಇಷ್ಟು ಜನ ಯಾಕೆ ಬಂದಿರಿ?" ಎಂದು ಅದು ನಕ್ಕಿತು. ನಗು ನಡುಗುತ್ತಿತ್ತು.

ಹಂದಿ ಮಣ್ಣು ಬಗೆಯಿತು. ಏಡಿ ಸಂದಿಗೆ ನುಸುಳಿ ದಿಮ್ಮಿಯನ್ನು ಹಿಡಿದಿದ್ದ ಬಳ್ಳಿಯನ್ನು ಕತ್ತರಿಸಿದಳು. ದಿಮ್ಮಿ ಜಾರಿತು. ನೀರು ಒಮ್ಮೆಲೇ ನುಗ್ಗಿ ಕಿರುಬನನ್ನು ಕೊಚ್ಚಿಕೊಂಡು ಹೋಯಿತು. ಅದರ ನಗು ಮತ್ತೆ ಕೇಳಿಸಲಿಲ್ಲ.

ಈಗ ಏಡಿಗೆ ತುಂಬಿ ಹರಿಯುವ ಹಳ್ಳವಿದೆ. ಬದುಕಿದ ಮರಿಗಳಿವೆ. ಬೆಳಗಾದರೆ ತಂತಮ್ಮ ಕಲ್ಲಿಗೆ ಹೋಗುವ ನೆರೆಯವರಿದ್ದಾರೆ. ಅದಕ್ಕೆ ಅವಳು ತೆತ್ತದ್ದು ದಿಮ್ಮಿಯಡಿ ಸಿಕ್ಕಿ ಮುರಿದ ಬಲಗೈ. ಮತ್ತೆ, ಅವಳು ಕೇಳಲು ತಡಮಾಡಿದ ದಿನಗಳಲ್ಲಿ ಹೋದ ಮೂರು ಜಿಂಕೆಗಳು.

ನೀತಿ: ಹಳ್ಳವನ್ನು ಉಳಿಸಲು ಸರಿಯಾದ ಅಳತೆಯೂ ಬೇಕು, ಅದರ ದಂಡೆಯಲ್ಲಿ ಬದುಕುವ ಎಲ್ಲರ ಮಾತೂ ಬೇಕು.