ಇನ್ನೂರು ಹೆಜ್ಜೆಯಾಚೆಯ ಗಾಡಿ

“ಗುರುಗಳೇ, ಎಷ್ಟು ದಿನ ನೋಡಿದರೆ ಒಬ್ಬ ಮನುಷ್ಯ ತಿಳಿಯುತ್ತಾನೆ?” ಎಂದು ಮಠದ ಬಾಗಿಲು ಕಾಯುವ ಶಿಷ್ಯ ಕೇಳಿದ. “ಹೊರಗೆ ಬೇವಿನ ಮರದಡಿ ಒಬ್ಬ ಬಂದು ಕೂತು ಮೂರು ದಿನವಾಯಿತು. ಗಂಟು ಬಿಚ್ಚುವುದಿಲ್ಲ, ಎದ್ದೂ ಹೋಗುವುದಿಲ್ಲ. ನಾನು ಕಿಟಕಿಯಿಂದ ಕಣ್ಣು ತೆಗೆದಿಲ್ಲ. ಅವನನ್ನು ಓಡಿಸಿಬಿಡಲೇ?”

ಗುರುಗಳು ಅವನಿಗೆ ಒಂದು ಕೋಟೆಯ ಕತೆ ಹೇಳಿದರು.

ಗಡಿಯಲ್ಲೊಂದು ಕೋಟೆ. ಹಿಂದೊಮ್ಮೆ ಹುಲ್ಲಿನ ಗಾಡಿಯಲ್ಲಿ ಅಡಗಿಸಿ ತಂದ ಸಿಡಿಮದ್ದು ಅದರ ಬಾಗಿಲನ್ನು ಹಾರಿಸಿತ್ತು. ಆ ದಿನ ಕಾವಲಿಗಿದ್ದು ಸತ್ತವನ ತಮ್ಮನೇ ಈಗ ಬಾಗಿಲ ಅಧಿಕಾರಿ. ಅವನು ಬಾಗಿಲಿನಿಂದ ಇನ್ನೂರು ಹೆಜ್ಜೆ ದೂರಕ್ಕೆ ಒಂದು ಕಲ್ಲು ನೆಡಿಸಿದ. ಬರುವ ಗಾಡಿಯೆಲ್ಲ ಅಲ್ಲೇ ನಿಲ್ಲಬೇಕು, ಎತ್ತು ಬಿಚ್ಚಬೇಕು. ಕೋಟೆಯವರು ಯಾರೂ ಹತ್ತಿರ ಹೋಗಕೂಡದು. ಹೋಗುವುದು ನಾಯಿ ಮಾತ್ರ.

ನಾಯಿಯನ್ನು ಅವನೇ ಪಳಗಿಸಿದ್ದ. ಸಿಡಿಮದ್ದಿನ ವಾಸನೆ ಹಿಡಿದು ಅದರ ಮುಂದೆ ಕೂತರೆ ಒಂದು ತುಂಡು ಜೋಳದ ರೊಟ್ಟಿ. ಹೀಗೆ ಒಂದು ವರ್ಷ ಕಲಿಸಿದ. ನಾಯಿ ಗಾಡಿಯನ್ನು ಸುತ್ತಿ ಮರಳಿದರೆ ಗಾಡಿ ಒಳಗೆ ಬರಬಹುದು. ಕೂತರೆ, ಅದನ್ನು ಶಿಳ್ಳೆ ಹಾಕಿ ಕರೆದು, ಗೋಡೆಯ ಮೇಲಿಂದ ಬೆಂಕಿಯ ಬಾಣ ಬಿಡುವುದು. ಮದ್ದು ದೂರದಲ್ಲೇ ಸಿಡಿಯಲಿ ಎಂದು. ಎರಡು ಸಲ ಹಾಗೆ ಸಿಡಿದಿತ್ತು, ಕೋಟೆ ಉಳಿದಿತ್ತು.

ಒಂದು ಮಧ್ಯಾಹ್ನ ಒಬ್ಬ ಕಂಬಳಿ ವ್ಯಾಪಾರಿ ಬಂದ. ಕಲ್ಲಿನ ಬಳಿ ಎತ್ತು ಬಿಚ್ಚಿ, ಗಾಡಿಯ ನೆರಳಿನಲ್ಲಿ ಕೂತ. ಚಳಿಗಾಲಕ್ಕೆ ಇನ್ನೂ ಎರಡು ತಿಂಗಳಿತ್ತು. ಇಷ್ಟು ಬೇಗ ಕಂಬಳಿ ಏಕೆ ಎಂದುಕೊಂಡ ಅಧಿಕಾರಿ. ವ್ಯಾಪಾರಿ ಕೋಟೆಯ ಕಡೆ ನೋಡಲಿಲ್ಲ.

“ಮುಖ ಮರೆಸುತ್ತಿದ್ದಾನೆ” ಎಂದ ಅಧಿಕಾರಿ. ಸ್ವಲ್ಪ ಹೊತ್ತಿಗೆ ವ್ಯಾಪಾರಿ ತಲೆಯೆತ್ತಿ ನೋಡಿದ. “ಬಾಗಿಲಿನ ಅಳತೆ ತೆಗೆಯುತ್ತಿದ್ದಾನೆ.”

ಪಕ್ಕದಲ್ಲಿದ್ದ ಬಿಲ್ಲುಗಾರ ನಕ್ಕ. “ನೋಡಿದರೂ ತಪ್ಪು, ನೋಡದಿದ್ದರೂ ತಪ್ಪು. ಆ ಬಡಪಾಯಿ ಕಣ್ಣನ್ನು ಎಲ್ಲಿಟ್ಟುಕೊಳ್ಳಬೇಕು, ಒಡೆಯಾ?”

“ನಗು, ನಗು. ನಮ್ಮಣ್ಣನನ್ನು ಬುಟ್ಟಿಯಲ್ಲಿ ಹೊತ್ತು ತಂದಾಗ ನೀನಿರಲಿಲ್ಲ.”

ಬಿಲ್ಲುಗಾರ ಬಾಣಕ್ಕೆ ಎಣ್ಣೆಬಟ್ಟೆ ಸುತ್ತತೊಡಗಿದ. ನಾಯಿಯನ್ನು ಬಿಟ್ಟರು. ಅದು ಗಾಡಿಗೆ ಒಂದು ಸುತ್ತು ಹಾಕಿತು. ಮರಳಿ ಹೊರಟದ್ದು ನಡುವೆ ನಿಂತಿತು. ತಿರುಗಿ ಹೋಗಿ ವ್ಯಾಪಾರಿಯ ಮುಂದೆ ಕೂತುಬಿಟ್ಟಿತು.

“ಒಂದು ಸಲ ಕೂಗಿ ಕೇಳಲೇ?” ಎಂದ ಬಿಲ್ಲುಗಾರ.

“ಏನಂತ ಕೇಳುತ್ತೀಯ? ಮದ್ದು ತಂದವನು ಹೌದು ಅನ್ನುತ್ತಾನೋ?”

ಅಧಿಕಾರಿ ಶಿಳ್ಳೆ ಹಾಕಿದ. ಯಾವಾಗಲೂ ಒಂದೇ ಶಿಳ್ಳೆಗೆ ಓಡಿ ಬರುವ ನಾಯಿ ಅಂದು ಏಳಲಿಲ್ಲ. ಎರಡನೆಯದಕ್ಕೆ ಎದ್ದಿತು. ಅದು ಅರ್ಧ ದಾರಿಗೆ ಬಂದಾಗ ಬಾಣ ಹೋಯಿತು. ಎತ್ತುಗಳಿಗೆಂದು ಗಾಡಿಯಲ್ಲಿ ಹಾಕಿಕೊಂಡಿದ್ದ ಒಣಹುಲ್ಲು ಹತ್ತಿಕೊಂಡಿತು. ಗೋಡೆಯ ಮೇಲಿದ್ದವರೆಲ್ಲ ಕಿವಿ ಮುಚ್ಚಿಕೊಂಡರು.

ವ್ಯಾಪಾರಿ ದೂರ ಓಡಿದ. ಆಮೇಲೆ ಕಂಬಳಿಗಳ ನೆನಪಾಗಿ ಮರಳಿ ಬಂದ. ಒಂದು ಹೊರೆ ಎಳೆದು ಹಾಕಿ, ಇನ್ನೊಂದಕ್ಕೆ ಬೆಂಕಿಯೊಳಗೆ ಬಾಗಿದ. ಉರಿಯುತ್ತಿದ್ದ ಗಾಡಿ ಅವನ ಮೇಲೆ ಕುಸಿಯಿತು.

ಸಿಡಿದ ಸದ್ದು ಬರಲಿಲ್ಲ. ಕಿವಿ ಮುಚ್ಚಿಕೊಂಡವರು ಬಹಳ ಹೊತ್ತು ಕಾದರು. ಅಷ್ಟರಲ್ಲಿ ನಾಯಿ ಗೋಡೆಯ ಮೆಟ್ಟಿಲು ಹತ್ತಿ ಬಂದು ಅಧಿಕಾರಿಯ ಮುಂದೆ ಕೂತಿತು. ಅದರ ಬಾಯಲ್ಲಿ ಅರ್ಧ ರೊಟ್ಟಿಯಿತ್ತು.

ಗುರುಗಳು ಕತೆ ನಿಲ್ಲಿಸಿದರು.

“ಅಧಿಕಾರಿಯ ತಪ್ಪೇನು, ಗುರುಗಳೇ?” ಎಂದ ಶಿಷ್ಯ. “ಕಣ್ಣು ಕೀಳದೆ ನೋಡಿದ. ಅಷ್ಟು ದೂರಕ್ಕೆ ಒಬ್ಬ ಉಣ್ಣುತ್ತಿರುವ ರೊಟ್ಟಿ ಕಾಣುವುದು ಹೇಗೆ?”

ಗುರುಗಳು ಕಿಟಕಿಯಾಚೆಯ ಬೇವಿನ ಮರದ ಕಡೆ ತಿರುಗಿದರು.

“ಮೂರು ದಿನ ನೋಡಿದೆಯಲ್ಲ, ಅವನ ಹೆಸರೇನು?”