ತೋಳನ ಕೈ ಹಿಡಿದ ಮಾಳಪ್ಪ

ಕಾಲು ಒಳಗೆ ಎಳ್ಕೋ, ಕಂಬಳಿ ಹೊದ್ದಿಸ್ತೀನಿ. ಹೂಂ ಅಂತಿರ್ಬೇಕು ಮತ್ತೆ. ಹೂಂ ನಿಂತಿತೋ, ನಿದ್ದೆ ಬಂತು ಅಂತ ತಿಳ್ಕೊಂಡು ನಾನೂ ಮಲಗಿಬಿಡ್ತೀನಿ.

ಒಂದಾನೊಂದು ಕಾಲದಲ್ಲಿ, ಅಂದ್ರೆ ತೋಳ ಮನುಷ್ಯರಿಗೆ ಹೆದರೋದಕ್ಕೂ ಮುಂಚೆ, ಮನುಷ್ಯರು ಮನುಷ್ಯರಿಗೇ ಹೆದರೋಕೆ ಶುರು ಮಾಡಿದ್ಮೇಲೆ, ಹುಲ್ಲುಗಾವಲಿನ ಅಂಚಿಗೆ ಒಂದು ಕುರುಬರ ಹಟ್ಟಿ ಇತ್ತಂತೆ. ಆ ಹಟ್ಟೀಲಿ ಕೆಂಚವ್ವ ಅಂತ ಒಬ್ಬಳು. ಗಂಡ ಸತ್ತಿದ್ದ, ಮೂರು ಜನ ಗಂಡುಮಕ್ಕಳು, ಮುಳ್ಳುಬೇಲಿ ಹಾಕಿದ ರೊಪ್ಪ, ರೊಪ್ಪದ ತುಂಬ ಕುರಿ. ಆ ಕುರಿ ಗಂಡನವೂ ಅಲ್ಲ ಮಕ್ಕಳವೂ ಅಲ್ಲ, ಅವಳು ತವರಿಂದ ಹೊಡ್ಕೊಂಡು ಬಂದ ಮರಿಗಳೇ ಮರಿ ಹಾಕ್ಕೊಂಡು ಬೆಳೆದದ್ದಂತೆ.

ದೊಡ್ಡ ಮಗನಿಗೆ ಮದುವೆ ಆಯ್ತು, ಆಮೇಲೆ ನಡುವಲ ಮಗನಿಗೂ ಆಯ್ತು, ಕೊನೆಯೋನು ಮಾಳಪ್ಪ, ಮಾಳ ಅಂತ ಕರೆಯೋರು, ಅವನ ಸರದಿ ಬಂತು ನೋಡು, ಅವನು ಒಲ್ಲೆ ಅಂದ್ನಂತೆ. ಒಂದು ಹುಡುಗಿ ತೋರಿಸಿದ್ರು, ಎತ್ತರ ಆಯ್ತು ಅಂದ. ಆಮೇಲೆ ಇನ್ನೊಂದು ಹುಡುಗಿ ತೋರಿಸಿದ್ರು, ಗಿಡ್ಡ ಆಯ್ತು ಅಂದ. ಮೂರನೇ ಹುಡುಗಿ ಎತ್ತರವೂ ಅಲ್ಲ ಗಿಡ್ಡವೂ ಅಲ್ಲ, ಏನು ನೆವ ಹೇಳ್ಬೇಕೋ ತಿಳೀದೆ ತಲೆ ತಗ್ಗಿಸಿ ಕೂತ. ಆ ಹುಡುಗೀನೇ ಬುದ್ಧಿವಂತೆ, ನೀರು ಕೊಡೋಕೆ ಬಂದೋಳು ಮೆಲ್ಲಗೆ, ಅಣ್ಣಾ, ನಿನ್ ಕಣ್ಣು ನನ್ ಮೇಲಿಲ್ಲ, ಆ ಗುಡ್ಡದ ಮೇಲಿದೆ, ಸುಮ್ನೆ ಇಬ್ರ ಬಾಳೂ ಯಾಕೆ ಕೆಡಿಸ್ತೀಯ, ಎದ್ದು ಹೋಗು ಅಂದ್ಲಂತೆ. ಅಣ್ಣಾ ಅಂದ್ಮೇಲೆ ಇನ್ನೇನು ಮದುವೆ, ಮಾಳ ಅವಳಿಗೆ ಕೈಮುಗಿದು ಎದ್ದು ಬಂದ್ನಂತೆ.

ಗುಡ್ಡದ ಮೇಲೆ ಏನಿತ್ತು ಅಂತೀಯಾ? ಅದನ್ನೇ ಹೇಳ್ತೀನಿ ಇರು.

ಅದಕ್ಕೂ ಮುಂಚಿನ ಸುಗ್ಗೀಲಿ ಹಟ್ಟಿಯೋರು ಗುಡ್ಡದ ಬುಡಕ್ಕೆ ಉರುಲು ಒಡ್ಡಿದ್ರಂತೆ, ತೋಳ ಹಿಡಿಯೋಕೆ ಅಂತ. ಮಾಳ ಬೆಳಿಗ್ಗೆ ಕುರಿ ಹೊಡ್ಕೊಂಡು ಹೋದ್ರೆ ಉರುಲಲ್ಲಿ ಒಂದು ತೋಳ, ಹಿಂಗಾಲಿಗೆ ಹಗ್ಗ ಬಿಗಿದು ಮಾಂಸಕ್ಕೆ ಇಳಿದಿದೆ, ಆದ್ರೂ ಕುಂಯ್ ಅಂತಿಲ್ಲ, ತಲೆ ಎತ್ಕೊಂಡು ನಿಂತಿದೆ, ಹೊಡೀತೀಯಾ, ಹೊಡಿ ಅನ್ನೋ ಹಂಗೆ. ಮಾಳ ಕೋಲು ಎತ್ತಿದ, ಎತ್ತಿದ ಕೋಲು ಇಳೀಲೇ ಇಲ್ಲ. ಅದರ ಕಣ್ಣು ನೋಡಿಬಿಟ್ಟಿದ್ನಂತೆ, ಜೇನಿನ ಬಣ್ಣದ ಕಣ್ಣು. ಕೋಲು ಬಿಸಾಕಿ, ಕುಕ್ಕರಗಾಲಲ್ಲಿ ಕೂತು ಹಗ್ಗ ಬಿಚ್ಚಿದ, ಬಿಚ್ಚೋವಾಗ ಅದು ಅವನ ಮುಂಗೈಗೆ ಬಾಯಿ ಹಾಕಿ ಕಚ್ಚಿ, ಕುಂಟ್ಕೊಂಡು ಗುಡ್ಡ ಹತ್ತಿ ಹೋಯ್ತಂತೆ.

ಮಾರನೇ ದಿನ ಹಳ್ಳದ ಒರತೆ ಹತ್ರ ಹೋದ್ರೆ ಅಲ್ಲೊಬ್ಬ ಗಂಡಸು ಕೂತಿದ್ದಾನೆ. ಹರೇದವನು, ಹೆಗಲ ಮೇಲೆ ಬೂದು ಬಣ್ಣದ ತೊಗಲು, ಕಾಲಿಗೆ ಸೊಪ್ಪು ಅರೆದು ಕಟ್ಟಿದ್ದಾನೆ, ಕಣ್ಣು ಅದೇ ಜೇನಿನ ಬಣ್ಣ. ಮಾಳನಿಗೆ ತಿಳೀದೇ ಇರುತ್ತಾ? ನಿನ್ನೆ ಕಚ್ಚಿದ್ದು ನೀನೇ ಅಲ್ವಾ ಅಂದ. ಹೂಂ, ನಾನೇ, ನೋವಾಯ್ತು ಕಚ್ಚಿದೆ ಅಂದ ಅವನು. ತಪ್ಪಾಯ್ತು ಅನ್ನು ಅಂದ ಮಾಳ. ಉರುಲು ಒಡ್ಡಿದೋರು ಮೊದಲು ಅನ್ಲಿ, ಆಮೇಲೆ ನಾನು ಅಂತೀನಿ ಅಂದ್ನಂತೆ ಅವನು. ಮಾಳನಿಗೆ ಸಿಟ್ಟು ಬರ್ಬೇಕಿತ್ತು, ನಗು ಬಂತು. ಹೆಸರೇನು ಅಂದ. ಕಾಟ ಅಂದ. ಸರಿಯಾಗೇ ಇಟ್ಟಿದ್ದಾರೆ ಬಿಡು ಅಂತ ನಕ್ಕು ಬುತ್ತಿ ಬಿಚ್ಚಿದ, ಸಜ್ಜೆ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಅರ್ಧ ಅವನಿಗೆ ಅರ್ಧ ಇವನಿಗೆ.

ಕಾಟನ ಕುಲವೇ ಹಂಗಂತೆ, ಹುಟ್ಟೋವಾಗಲೇ ತೊಗಲು ಹೊದ್ದು ಹುಟ್ಟೋರು. ಬಿಚ್ಚಿ ಹೆಗಲಿಗೆ ಹಾಕ್ಕೊಂಡ್ರೆ ಮನುಷ್ಯ, ಮೈತುಂಬ ಹೊದ್ರೆ ತೋಳ. ಮಿಕ್ಕ ದಿನ ಹೊದಿಯೋದು ಬಿಡೋದು ಅವರಿಷ್ಟ, ಹುಣ್ಣಿಮೆ ದಿನ ಮಾತ್ರ ಹೊದ್ದು ಓಡ್ಲೇಬೇಕು, ಇಲ್ದಿದ್ರೆ ಎದೆ ಬಿರಿದಂಗೆ ಆಗ್ತಿತ್ತಂತೆ. ನಿಮ್ಮೋರೆಲ್ಲ ಎಲ್ಲಿ ಅಂತ ಮಾಳ ಕೇಳಿದ. ಯಾರೂ ಇಲ್ಲ, ಕೆಲವರನ್ನ ಉರುಲು ತಿಂತು, ಉಳಿದೋರು ಹೆದರ್ಕೊಂಡು ತಮ್ಮ ತೊಗಲು ತಾವೇ ಸುಟ್ಟು ಊರುಗಳಲ್ಲಿ ಸೇರ್ಕೊಂಡ್ರು ಅಂದ ಕಾಟ. ಸುಟ್ಕೊಂಡೋರು ಸಾಯಲ್ವಂತೆ, ಬದುಕ್ತಾರೆ, ಉಣ್ತಾರೆ, ದುಡೀತಾರೆ. ಆದ್ರೆ ಆಮೇಲೆ ಅವರಿಗೆ ಯಾವುದರ ರುಚಿಯೂ ಹತ್ತಲ್ಲ, ಹೆಸರು ಹಿಡಿದು ಕರೆದ್ರೆ, ಯಾರನ್ನೋ ಕರೀತಿದ್ದಾರೆ ಅನ್ನೋ ಹಂಗೆ ತಡವಾಗಿ ತಿರುಗಿ ನೋಡ್ತಾರಂತೆ.

ಆಮೇಲೆ ದಿನಾ ಅದೇ ಒರತೆ, ಅದೇ ಬುತ್ತಿ. ತೊಗಲಿಗೆ ಅಂಟಿದ ಉತ್ತರಾಣಿ ಮುಳ್ಳನ್ನ ಮಾಳ ಒಂದೊಂದೇ ಬಿಡಿಸೋನು, ಕಾಟ ಗಾಳಿ ಮೂಸಿ ಮಳೆ ಯಾವ ದಿಕ್ಕಿಗಿದೆ ಅಂತ ಹೇಳೋನು. ಒಂದಿನ ಕಾಟ ಬರೋದು ತಡ ಆಯ್ತು. ಮಾಳನಿಗೆ ಕುರಿ ಮೇಲೆ ಗ್ಯಾನವೇ ಇಲ್ಲ, ಗುಡ್ಡಾನೇ ನೋಡ್ತಾ ನಿಂತ, ಅವನು ಇಳಿದು ಬರೋದು ಕಂಡ ಕೂಡಲೇ ಎದೆ ಒಳಗೆ ಎಳೇ ಮರಿ ಎದ್ದು ಕುಣಿದಂಗೆ ಆಯ್ತಂತೆ. ಓಹೋ, ಇದಾ ಅಂದ್ಕೊಂಡ. ಹೋಗಿ ಕಾಟನ ಕೈ ಹಿಡ್ಕೊಂಡ. ಕಾಟ ಬಿಡಿಸ್ಕೊಳ್ಳಲಿಲ್ಲ, ಎಷ್ಟು ದಿನ ಬೇಕಾಯ್ತಪ್ಪ ನಿಂಗೆ ಅಂದ್ನಂತೆ.

ಏನಂದೆ? ಇಬ್ರೂ ಗಂಡಸ್ರಾ ಅಂದ್ಯಾ? ಹೂಂ ಕಣವ್ವ, ಇಬ್ರೂ ಗಂಡಸ್ರೇ. ನಿಮ್ಮಮ್ಮ ಒಳಗಿಂದ ಕೆಮ್ಮಿದ್ರೆ ಕೆಮ್ಲಿ. ಕತೆ ನಂದು, ನಾನು ಹೇಳ್ತೀನಿ.

ಆ ಮೂರನೇ ಹುಡುಗಿ ಮನೆಯಿಂದ ಎದ್ದು ಬಂದ ಮಾಳ ಸೀದಾ ಗುಡ್ಡಕ್ಕೆ ಹೋಗಿ ಕಾಟನ್ನ ಕರ್ಕೊಂಡು ಹಟ್ಟಿಗೆ ಬಂದ್ನಂತೆ. ಕದ್ದುಮುಚ್ಚಿ ಅಲ್ಲ, ಮಟಮಟ ಮಧ್ಯಾಹ್ನ, ಎಲ್ಲಾರೂ ಬೇವಿನ ಮರದ ಕೆಳಗೆ ಉಣ್ಣೆ ಹಿಂಜ್ತಾ ಕೂತಿದ್ದಾಗ. ಅವ್ವಾ, ನೀನು ಮದುವೆ ಮದುವೆ ಅಂತಿದ್ಯಲ್ಲ, ನಾನು ಮೆಚ್ಚಿದೋನು ಇವನೇ, ಕಾಟ ಅಂತ, ತೋಳದ ಕುಲದೋನು ಅಂದ. ಕೆಂಚವ್ವನ ಕೈಯಲ್ಲಿದ್ದ ಉಣ್ಣೆ ಕೆಳಗೆ ಬಿತ್ತು. ಅಯ್ಯೋ ನಿನ್ ಬಾಯಿಗೆ ಮಣ್ಣು ಹಾಕ, ಗಂಡಸು ಅಂದ್ಯಲ್ಲ, ಅದನ್ನಾದ್ರೂ ತಡ್ಕೋಬಹುದು ಕಣೋ, ತೋಳ ಅಂತೀಯಲ್ಲೋ! ಕುರುಬರ ಮನೆಗೆ ಯಾರಾದ್ರೂ ತೋಳನ್ನ ತರ್ತಾರೇನೋ! ಅಂತ ಎದೆ ಎದೆ ಬಡ್ಕೊಂಡ್ಲಂತೆ.

ಹಟ್ಟಿ ಯಜಮಾನ ತಿಪ್ಪಯ್ಯ ಅಂತ ಒಬ್ಬನಿದ್ದ, ಅವನು ಮೀಸೆ ತಿರುವ್ಕೊಂಡು ಎದ್ದ. ಇಂಥದ್ದನ್ನ ನಮ್ಮ ಹಿರೀಕರು ಕಂಡಿಲ್ಲ ಕೇಳಿಲ್ಲ ಅಂದ. ಕೇಳಿಲ್ಲ ಅಂದ್ರೆ ಈಗ ಕೇಳ್ರಿ, ಕಂಡಿಲ್ಲ ಅಂದ್ರೆ ಇಲ್ಲೇ ನಿಂತಿದ್ದೀವಿ, ಚೆನ್ನಾಗಿ ನೋಡ್ರಿ ಅಂದ್ನಂತೆ ಮಾಳ. ಜನ ಗುಜುಗುಜು ಅಂದ್ರು, ಮಾಳನ ಅಣ್ಣಂದಿರು ಮುಖ ಆ ಕಡೆ ತಿರುಗಿಸಿದ್ರು. ಕೊನೆಗೆ ತಿಪ್ಪಯ್ಯ, ಸರಿ, ಇವನು ನಮ್ಮಲ್ಲಿ ಇರ್ಬೇಕಾದ್ರೆ ಮೂರು ಪರೀಕ್ಷೆ ಗೆಲ್ಬೇಕು, ಒಂದು ಸೋತ್ರೂ ಇವನ ತೊಗಲು ನಮ್ಮ ಬೇಲಿ ಮೇಲೆ ಒಣಗುತ್ತೆ ಅಂದ. ಮಾಳ ಬೇಡ ಬಾ ಹೋಗೋಣ ಅಂದ್ರೆ, ಕಾಟ, ಓಡಿ ಓಡಿ ನಮ್ಮ ಕುಲ ಸವೆದಿದೆ, ನಾನು ನಿಲ್ತೀನಿ ಅಂದ್ನಂತೆ.

ಮೊದಲನೇದು, ಕುರಿ ಉಣ್ಣೆ ಕತ್ತರಿಸೋದು. ಅದೇನು ಮಹಾ ಅಂತೀಯಾ? ತೋಳದ ವಾಸನೆ ಹತ್ರ ಯಾವ ಕುರಿ ನಿಲ್ಲುತ್ತೆ ಹೇಳು. ಕಾಟ ಕತ್ತರಿ ಹಿಡ್ಕೊಂಡು ರೊಪ್ಪದೊಳಗೆ ಕಾಲಿಟ್ಟ ಕೂಡಲೇ ಕುರಿ ಎಲ್ಲಾ ಒಂದು ಮೂಲೆಗೆ ನುಗ್ಗಿದ್ವು, ಟಗರು ಓಡಿ ಬಂದು ಅವನ ಪಕ್ಕೆಗೆ ಗುಮ್ಮಿ ಕೆಡವ್ತು. ಹೊರಗೆ ನಿಂತೋರು ನಕ್ರು. ಕಾಟ ಎದ್ದ, ಟಗರು ಮತ್ತೆ ಗುಮ್ತು, ಬಿದ್ದ. ಆಮೇಲೆ ಅವನು ಏಳೋಕೇ ಹೋಗ್ಲಿಲ್ಲ, ನೆಲದ ಮೇಲೆ ಕೂತ್ಕೊಂಡ, ಕತ್ತರಿ ಪಕ್ಕಕ್ಕಿಟ್ಟು ಸುಮ್ನೆ ಕೂತ್ಕೊಂಡ. ಬಿಸಿಲು ಏರ್ತು, ನಕ್ಕೋರು ನಕ್ಕು ಸಾಕಾಗಿ ಉಣ್ಣೋಕೆ ಹೋದ್ರು. ಆವಾಗ ಒಂದು ಮುದಿ ಕುರಿ, ಕಣ್ಣು ಕಾಣದ್ದು, ಮೂಸ್ಕೊಂಡು ಮೂಸ್ಕೊಂಡು ಬಂದು ಅವನ ಮೊಣಕಾಲಿಗೆ ಗದ್ದ ಒರಗಿಸಿ ನಿಂತಿತಂತೆ. ಅದು ನಿಂತಿದ್ದು ಕಂಡು ಇನ್ನೊಂದು ಬಂತು, ಆಮೇಲೆ ಮತ್ತೊಂದು. ಸಂಜೆಗೆ ಉಣ್ಣೆ ರಾಶಿ ಬಿದ್ದಿತ್ತು. ಕೆಂಚವ್ವ ಒಂದು ಚೊಂಬು ಮಜ್ಜಿಗೆ ತಂದು ಅವನ ಮುಂದೆ ಕುಕ್ಕಿ ಹೋದ್ಲಂತೆ.

ಎರಡನೇದು, ಹುಣ್ಣಿಮೆ ದಿನ ತೊಗಲು ಹೊದ್ದು ಬೆಳಗಾಗೋ ತನಕ ಎಳೇ ಮರಿಗಳ ಗೂಡಲ್ಲಿ ಇರೋದು. ಹುಣ್ಣಿಮೆ ದಿನ ಅವನು ಓಡ್ಬೇಕು, ಕಾಲು ಕಟ್ಟಿ ಕೂರಿಸೋದು ಅಂದ್ರೆ ಸುಮ್ನೇನಾ? ಬೇಲಿ ಸುತ್ತ ಜನ ದೊಣ್ಣೆ ಹಿಡ್ಕೊಂಡು ನಿಂತ್ರು. ಮಾಳ ಯಾರನ್ನೂ ಕೇಳದೆ ಬೇಲಿ ಹಾರಿ ಒಳಗೆ ಹೋಗಿ ತೋಳದ ಪಕ್ಕ ಕೂತ್ಕೊಂಡ, ಇವನ ಮೇಲೆ ಬಿದ್ರೆ ಮೊದಲು ನನ್ ಮೇಲೆ ಬೀಳಲಿ ದೊಣ್ಣೆ ಅಂದ. ಕಾಟನ ಮೈಯೆಲ್ಲ ಗಡಗಡ ನಡುಗ್ತಿತ್ತು, ಚಂದ್ರ ಎಳೀತಿದ್ದ, ಮಾಳ ಅವನ ಕುತ್ತಿಗೆ ಕೂದಲೊಳಗೆ ಬೆರಳಿಟ್ಟು, ಇದ್ದೀನಿ, ಇದ್ದೀನಿ ಅಂತಿದ್ನಂತೆ. ಬೆಳಗಾಯ್ತು. ಒಂದು ಮರಿಯ ಕೂದಲೂ ಕೊಂಕಿರ್ಲಿಲ್ಲ, ಒಂದು ಪುಟಾಣಿ ಮರಿ ತೋಳದ ಕಿವಿ ಚೀಪ್ತಾ ಹಂಗೇ ನಿದ್ದೆ ಹೋಗಿತ್ತಂತೆ.

ಜನರ ಮನಸ್ಸು ಕರಗ್ತಾ ಇರೋದು ತಿಪ್ಪಯ್ಯನಿಗೆ ಕಾಣಿಸ್ತು, ಕಂಡಷ್ಟೂ ಹೊಟ್ಟೆ ಉರೀತು. ಮೂರನೇದು ಅಂದ. ಬೇವಿನ ಮರದ ಮುಂದೆ ಜಾಲಿ ಮುಳ್ಳು ಒಟ್ಟಿಸಿ ಬೆಂಕಿ ಹಾಕಿಸ್ದ. ಆ ತೊಗಲು ಇದಕ್ಕೆ ಹಾಕು, ಅರ್ಧ ಮೃಗ ಅರ್ಧ ಮನುಷ್ಯ ನಮಗೆ ಬೇಡ, ಪೂರ್ತಿ ಮನುಷ್ಯ ಆಗು, ಮಾಳನ ಜೊತೆಗಾರ ಅಂತ ಒಂದು ಮೂಲೇಲಿ ಇರು, ನಾವು ಕಣ್ಣು ಮುಚ್ಕೋತೀವಿ ಅಂದ್ನಂತೆ.

ಕಾಟ ಹೆಗಲಿಂದ ತೊಗಲು ತೆಗೆದು ಕೈಯಲ್ಲಿ ಹಿಡ್ಕೊಂಡ. ಮಾಳನ ಮುಖ ನೋಡಿದ. ಹೋಗ್ಲಿ ಬಿಡು ಮಾಳ ಅಂದ. ನಂಗೆ ಗುಡ್ಡ ಇತ್ತು, ಓಡಾಟ ಇತ್ತು, ಈಗ ನೀನಿದ್ದೀಯ. ರುಚಿ ಹೋದ್ರೆ ಹೋಗ್ಲಿ, ನಿನ್ ಜೊತೆ ಕೂತು ಉಣ್ಣೋದು ಸಿಗುತ್ತಲ್ಲ ಅಂತ ಹೇಳಿ ಬೆಂಕಿ ಕಡೆ ಹೆಜ್ಜೆ ಇಟ್ಟು ತೊಗಲು ಚಾಚಿದ್ನಂತೆ.

ಮಾಳ ಏನು ಮಾಡ್ದ ಗೊತ್ತಾ? ಹಾರಿ ಹೋಗಿ ತೊಗಲು ಕಿತ್ಕೊಂಡ. ತೊಗಲಿನ ಅಂಚಿಗೆ ಆಗಲೇ ಕಿಡಿ ತಾಗಿತ್ತು, ಬರಿಗೈಯಲ್ಲಿ ತಿಕ್ಕಿ ಆರಿಸಿದ. ಆಮೇಲೆ ಕಾಟನಿಗೇ ಮೊದಲು ಬೈದ್ನಂತೆ, ಮೂಳ, ನಾಳೆ ನಾನು ಕಾಟ ಅಂತ ಕರೆದ್ರೆ ನೀನು ತಡವಾಗಿ ತಿರುಗಿ ನೋಡೋದನ್ನ ನಾನು ಹೆಂಗೋ ನೋಡ್ಲಿ? ನಾನು ಮೆಚ್ಚಿದ್ದು ನಿನ್ನನ್ನ ಪೂರ್ತಿ, ಕಚ್ಚೋ ಹಲ್ಲೂ ಸೇರಿ! ಆಮೇಲೆ ತಿಪ್ಪಯ್ಯನ ಕಡೆ ತಿರುಗಿದ. ಯಜಮಾನ್ರೇ, ನೀವು ಕೇಳಿದ್ದು ಎರಡು ಸಲ ಕೊಟ್ವಿ. ಕೊಟ್ಟಷ್ಟೂ ಕೇಳ್ತೀರಿ ಅಂತ ಈಗ ಗೊತ್ತಾಯ್ತು. ನಿಮ್ಮ ಮೂಲೆ ನಿಮಗೇ ಇರಲಿ. ನೀವು ಕಣ್ಣು ಮುಚ್ಕೊಂಡು ನಮ್ಮನ್ನ ಇಟ್ಕೊಳ್ಳೋದು ಬೇಡ, ಕಣ್ಣು ಬಿಟ್ಕೊಂಡು ನಾವು ಹೋಗೋದನ್ನ ನೋಡ್ರಿ. ಅಷ್ಟು ಹೇಳಿ, ತೊಗಲನ್ನ ಕಾಟನ ಹೆಗಲಿಗೆ ತಾನೇ ಹಾಕಿ, ಬೊಬ್ಬೆ ಎದ್ದ ಕೈಯಲ್ಲೇ ಅವನ ಕೈ ಹಿಡ್ಕೊಂಡು ಹೊರಟ್ನಂತೆ.

ಹಿಡೀರಿ ಅಂತ ಕೂಗಿದ ತಿಪ್ಪಯ್ಯ. ಹಿಡಿಯೋಕೆ ಎದ್ದೋರು ಇಬ್ರೋ ಮೂವರೋ. ಅಷ್ಟರಲ್ಲಿ ಕೆಂಚವ್ವ ಎದ್ಲು ನೋಡು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ, ರೊಪ್ಪದ ಬಾಗಿಲ ಮುಳ್ಳು ಎಳೆದು ಪಕ್ಕಕ್ಕೆ ಹಾಕಿದ್ಲು. ಏನು ಮಾಡ್ತೀಯವ್ವ ಅಂತ ದೊಡ್ಡ ಮಗ ಅಡ್ಡ ಬಂದ. ನನ್ ಕುರಿ, ನನ್ ಮಗ, ನನ್ ಅಳಿಯನೋ ಸೊಸೆಯೋ, ಏನೋ ಒಂದು ನನ್ನದೇ. ಅಡ್ಡ ಬಂದ್ರೆ ಟಗರು ಬಿಡ್ತೀನಿ, ಪಕ್ಕಕ್ಕೆ ಸರಿ ಅಂದ್ಲಂತೆ. ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಟು, ಹುರ್ರಾ ಬಾ, ಹುರ್ರಾ ಬಾ ಅಂತ ಕೂಗು ಹಾಕಿದ್ಲು, ಆ ಕೂಗಿಗೆ ಅವಳ ಕುರಿ ಎಲ್ಲಾ ಎದ್ದು ಅವಳ ಹಿಂದೆ ಹೊರಟ್ವು. ಕುರಿ ಬುದ್ಧಿ ಗೊತ್ತಲ್ಲ ನಿಂಗೆ? ಮುಂದಿನದು ಹೋದ್ರೆ ಹಿಂದಿನದು ಯಾಕೆ ಅಂತ ಕೇಳಲ್ಲ. ಪಕ್ಕದ ರೊಪ್ಪದವು ಬೇಲಿ ಮುರ್ಕೊಂಡು ಹೊರಟ್ವು, ಅದರ ಪಕ್ಕದವೂ ಹೊರಟ್ವು, ಆಮೇಲೆ ತಿಪ್ಪಯ್ಯನವೂ ಹೊರಟ್ವಂತೆ! ತಿಪ್ಪಯ್ಯ ಪಂಚೆ ಎತ್ಕೊಂಡು ಹಿಂದೆ ಹಿಂದೆ ಓಡಿದ, ಬರ್ರೇ, ಬರ್ರೇ ಅಂತ, ಒಂದೂ ತಿರುಗಿ ನೋಡ್ಲಿಲ್ಲ.

ಗುಡ್ಡದ ಆ ಕಡೆ ಇಳಿಜಾರಲ್ಲಿ ಯಾರೂ ಮೇಯಿಸದ ಮೊಣಕಾಲುದ್ದ ಹುಲ್ಲು. ತೋಳದ ಭಯಕ್ಕೆ ಹಟ್ಟಿಯೋರು ಯಾವತ್ತೂ ಅತ್ತ ಕಾಲಿಟ್ಟಿರ್ಲಿಲ್ಲ. ಕುರಿ ಹೋಗಿ ಬಾಯಿ ಹಾಕಿದ್ವು, ಇನ್ನು ಅವನ್ನ ಎಬ್ಬಿಸೋಕೆ ಆಗುತ್ತಾ? ಕುರಿ ಹಿಂದೆ ಬಂದ ಜನ ಅಲ್ಲೇ ಕೂತ್ರು. ತಿಪ್ಪಯ್ಯ ಏದುಸಿರು ಬಿಡ್ತಾ ಬಂದು, ಆಯ್ತಪ್ಪ, ತೊಗಲು ಇಟ್ಕೊಳ್ಳಿ, ಹಟ್ಟಿಗೆ ವಾಪಸ್ ಬನ್ನಿ ಅಂದ್ನಂತೆ. ಮಾಳ, ನಾವು ಬರಲ್ಲ, ಬೇಕಾದ್ರೆ ನೀವಿಲ್ಲಿ ಇರಬಹುದು, ಇಲ್ಲಿ ಮಾತ್ರ ಯಾರ ತೊಗಲನ್ನೂ ಯಾರೂ ಸುಡೋ ಹಂಗಿಲ್ಲ ಅಂದ. ಕೆಲವರು ಸಿಟ್ಟಿಗೆ ತಮ್ಮ ಕುರಿ ಹೊತ್ಕೊಂಡೇ ವಾಪಸ್ ಹೋದ್ರು, ಮಾಳನ ದೊಡ್ಡಣ್ಣನೂ ಹೋದ. ನಡುವಲಣ್ಣ ಹೆಂಡತಿ ಜೊತೆ ಉಳ್ಕೊಂಡ. ತಿಪ್ಪಯ್ಯ ಬೆಳಗಿನ ತನಕ ಯೋಚನೆ ಮಾಡಿ, ಹುಲ್ಲು ಚೆನ್ನಾಗಿದೆ ಅಂತ ಅವನೂ ಉಳ್ಕೊಂಡ.

ಆಮೇಲೆ ಕೆಂಚವ್ವ ಕರೀ ಕಂಬಳಿ ಹಾಸಿ ಗದ್ದುಗೆ ಮಾಡಿ, ಇಬ್ರನ್ನೂ ಕೂರಿಸಿ, ಹಣೆಗೆ ಅರಿಶಿನದ ಭಂಡಾರ ಹಚ್ಚಿ, ತಾನೇ ಧಾರೆ ಎರೆದ್ಲಂತೆ. ಮಂತ್ರ ಹೇಳೋರು ಯಾರೂ ಬರ್ಲಿಲ್ಲ. ಬರ್ದಿದ್ರೆ ಮನೆಗೋಗ್ಲಿ, ಸೋಬಾನೆ ನಂಗೇ ಬರುತ್ತೆ ಅಂತ ಅವಳೇ ಹಾಡಿದ್ಲಂತೆ, ದನಿ ಕರ್ಕಶ, ಆದ್ರೂ ಕೊನೇತನಕ ಹಾಡಿದ್ಲು.

ಹುಣ್ಣಿಮೆ ಬಂದಾಗ ಕಾಟ ಓಡೋನು, ಬೆಳಗ್ಗೆ ಬಂದು ಒಲೆ ಮುಂದೆ ಕೂರೋನು, ಮಾಳ ರೊಟ್ಟಿ ಬಡೀತಾ ಎಲ್ಲೆಲ್ಲಿಗೆ ಹೋಗಿದ್ದೆ ಅಂತ ಕೇಳೋನು. ಇಷ್ಟವಾದೋರು ಹೂಂ ಅಂದ್ರಂತೆ, ಆಗದೋರು ಊಹೂಂ ಅಂದ್ರಂತೆ, ಅವರಿಬ್ರೂ ಯಾರನ್ನೂ ಕೇಳೋಕೇ ಹೋಗ್ಲಿಲ್ವಂತೆ. ಅಲ್ಲಿಗೆ ಅವರ ಬಾಳು ಶುರುವಾಯ್ತು, ನಮ್ಮ ಕತೆ ಮುಗೀತು.